ಮೂವತ್ತೊಂಬತ್ತು ಸಂತೆಯ ಎಮ್ಮೆ

ಕಾಲವು ಅನಂತವಾದುದು, ಅದನ್ನು ಅಳೆಯುವುದು ಮನುಷ್ಯಮಾತ್ರರಿಂದ ಆಗದ ಕೆಲಸ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರ ಮನೆಯಲ್ಲಿ ಗಬ್ಬದ ಎಮ್ಮೆ ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಇತ್ತು.

ಅದು ಚೊಚ್ಚಲ ಎಮ್ಮೆ. ಜುಲೈ ಐದಕ್ಕೆ ದನದ ಡಾಕ್ಟರು ಬಂದು ಗಬ್ಬದ ಇಂಜೆಕ್ಷನ್ ಮಾಡಿ ಹೋದರು. ಅಣ್ಣ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿದ. ಎಮ್ಮೆಗೆ ಹತ್ತು ತಿಂಗಳು ಹತ್ತು ದಿನ ಎಂಬುದು ನಮ್ಮ ಕಡೆ ಕೂಸುಗಳಿಗೂ ಗೊತ್ತು. ಇನ್ನೊಂದು ಎಲ್ಲರಿಗೂ ಗೊತ್ತಿದ್ದ ಸಂಗತಿಯೆಂದರೆ, ಆ ಎಮ್ಮೆ ತನ್ನ ಮೈ ಮುಟ್ಟಲು ಬಿಡುತ್ತಿದ್ದದ್ದು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ ಮಾತ್ರ. ಅಣ್ಣ ಒಮ್ಮೆ ಗೋಣು ತುರಿಸಲು ಹೋಗಿ ಮೊಣಕಾಲಿಗೆ ಒದೆಸಿಕೊಂಡು ಎಂಟು ದಿನ ಕುಂಟಿದ. ಎಂಟು ದಿನವೆಂದರೆ ಎಷ್ಟು ದಿನ ಎಂಬ ವಿಚಾರ ಮುಂದೆ ಬರಲಿದೆ.

ಸಂಕ್ರಾಂತಿ ಮುಗಿದ ಮೇಲೆ ಉಗಾರದಿಂದ ವೈನಿಯ ತಮ್ಮನ ಫೋನು ಬಂತು. ಒಬ್ಬನೇ ತಮ್ಮ. ಎರಡೆಕರೆ ಕಬ್ಬು, ಕಾರ್ಖಾನೆಯಲ್ಲಿ ಕೆಲಸ, ಆದರೂ ಹೆಣ್ಣು ಸಿಗದೆ ವರ್ಷಗಟ್ಟಲೆ ಅಲೆದು, ಬ್ರೋಕರುಗಳ ಚಹಾ ಕುಡಿದು ಕುಡಿದು ಪಿತ್ತ ಮಾಡಿಕೊಂಡಿದ್ದ. ಈಗ ಹೆಣ್ಣು ಒಪ್ಪಿತ್ತು! ವೈನಿ ಫೋನು ಹಿಡಿದುಕೊಂಡೇ ಅಂಗಳದಲ್ಲಿ ಎರಡು ಸುತ್ತು ಬಂದಳು. ವರನ ಹಿಂದೆ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ಅವನ ಅಕ್ಕನೇ ಆಗಬೇಕು, ಇವಳು ಬಿಟ್ಟರೆ ಅವನಿಗೆ ಬೇರೆ ಅಕ್ಕ ಇಲ್ಲ.

"ಅಕ್ಕಾ, ಭಟ್ರು ಎರಡ ಮುಹೂರ್ತ ತಗದಾರ," ಎಂದ ಅವನು. "ಏಪ್ರಿಲ್ ಮೊದಲನೇ ವಾರ ಒಂದು, ಮೇ ಹನ್ನೆರಡ ಒಂದು. ನಿನಗ ಯಾವ್ದು ಸವುಡ ಆಕ್ಕೈತಿ?"

ಸವುಡು, ಅಂದರೆ ಅನುಕೂಲ, ನೋಡಬೇಕಾದದ್ದು ವೈನಿಯದಲ್ಲ, ಎಮ್ಮೆಯದು. ಆದ್ದರಿಂದ ಪ್ರಶ್ನೆ ಅವ್ವನ ಮುಂದೆ ಹೋಯಿತು.

ಅವ್ವ ಕ್ಯಾಲೆಂಡರನ್ನು ನಂಬುವವಳಲ್ಲ. ಅವಳ ಕಾಲಮಾನ ಸಂತೆಯದು. ಸಂತೆಯಿಂದ ಸಂತೆಗೆ ಎಂಟು ದಿನ, ಐದು ಸಂತೆಗೆ ನಲವತ್ತು. ಇಂಜೆಕ್ಷನ್ ಆದ ದಿನವೇ ಅವಳು ಹತ್ತು ತಿಂಗಳು ಹತ್ತು ದಿನವನ್ನು ಮೂವತ್ತೊಂಬತ್ತು ಸಂತೆ ಎಂದು ತೀರ್ಮಾನಿಸಿ, ಅಷ್ಟು ಹುಣಸೆಬೀಜಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ಪ್ರತಿ ಸಂತೆಗೆ ಒಂದು ಬೀಜ ಹೊರಗೆ. ಈಗ ಉಳಿದವನ್ನು ಎಣಿಸಿ ತೀರ್ಪು ಕೊಟ್ಟಳು:

"ಏಪ್ರಿಲ್ ಮೊದಲನೇ ವಾರದಾಗ ಈಯತೈತಿ. ಮೇದಾಗ ಇಟ್ಕೋ ಅನ್ನು. ಅಷ್ಟರಾಗ ಕರಾ ತಿಂಗಳದ್ದಾಗಿರತೈತಿ, ಎಮ್ಮಿ ನನಗೂ ರೂಢಿ ಆಕ್ಕೈತಿ. ನೀ ಆರಾಮ ಹೋಗಿ ಬಾ."

ಮೇ ಹನ್ನೆರಡು ಗಟ್ಟಿಯಾಯಿತು. ಮದುವೆಯ ಕಾರ್ಯಾಲಯ ಬುಕ್ ಆಯಿತು, ವೈನಿ ನಿಪ್ಪಾಣಿಗೆ ಹೋಗಿ ಹಸಿರು ಇಳಕಲ್ ಸೀರೆ ತಂದಳು. ಊರ ತುಂಬ ತೋರಿಸಿಕೊಂಡು ಬಂದು ಕೊನೆಗೆ ಎಮ್ಮೆಗೂ ತೋರಿಸಿದಳು.

ಏಪ್ರಿಲ್ ಬಂತು. ಗೂಡು ಖಾಲಿಯಾಯಿತು. ಎಮ್ಮೆ ಮಾತ್ರ ಯಾವ ಮುಹೂರ್ತವೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಮೆಲುಕು ಹಾಕುತ್ತ ನಿಂತಿತ್ತು. ಕೆಚ್ಚಲು ತುಂಬಿರಲಿಲ್ಲ. ಅವ್ವ ಒಂದು ವಾರ ಕಾದು, "ಎಮ್ಮಿ ಆಟಾ ಆಡಾಕತ್ತೈತಿ" ಎಂದಳು.

ಆಗ ನಾನು ರಂಗಕ್ಕೆ ಇಳಿಯಬೇಕಾಯಿತು. ನಾನು ಚಿಕ್ಕೋಡಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಕೇಸಿನ ಮುದ್ದತು, ಅಂದರೆ ಗಡುವು, ಯಾವತ್ತು ಮುಗಿಯುತ್ತದೆ ಎಂದು ಹೇಳುವುದೇ ನನ್ನ ಅನ್ನ. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಹಳೆಯ ವರ್ಷದ್ದನ್ನು ಬೇರೆ ಹುಡುಕಿ, ಹಾಳೆ ಮಗುಚಿ ಎಣಿಸಿದೆ. ಜುಲೈ ಐದರಿಂದ ಹತ್ತು ತಿಂಗಳಿಗೆ ಮೇ ಐದು, ಮೇಲೆ ಹತ್ತು ದಿನ. ಮೇ ಹದಿನೈದು!

"ಅವ್ವಾ, ಸಂತಿಗೆ ಏಳ ದಿವಸಾ!" ಎಂದು ಕೂಗಿದೆ.

"ಯಾವಾಗಿಂದೋ? ಹೊಸಾ ಕಾಯ್ದೆ ಬಂತೇನು?" ಅವ್ವ ಬೆರಳು ಮಡಚಿದಳು. "ಈ ಬೇಸ್ತವಾರ ಒಂದು, ಶುಕ್ಕರವಾರ ಎರಡು, ಸನಿವಾರ ಮೂರು..." ಮುಂದಿನ ಬೇಸ್ತವಾರಕ್ಕೆ ಬಂದಾಗ ಬೆರಳುಗಳು ಸರಿಯಾಗಿ ಎಂಟಾಗಿದ್ದವು. "ಎಷ್ಟಾತು?"

"ಎಂಟು."

"ಮತ್ತ?"

"ಆ ಬೇಸ್ತವಾರಾನ್ನ ಮುಂದಿನ ಎಂಟರಾಗೂ ಹಿಡೀತೀಯಲ್ಲಬೇ. ಒಂದ ದಿವಸಾನ್ನ ಎರಡ ಸಲ ಎಣಿಸಿದಂಗಾತು."

"ಸಂತಿ ಈ ಕಡೀಗೂ ಐತಿ, ಆ ಕಡೀಗೂ ಐತಿ. ಬಿಡಾಕ ಬರತೈತೇನ?"

ನಾವೆಲ್ಲ ಹುಟ್ಟಿದಾಗಿನಿಂದ ಎಂಟು ದಿನ ಎಂದೇ ಅಂದುಕೊಂಡು ಬದುಕಿದವರು. ಅಣ್ಣ ಕುಂಟಿದ್ದೂ ಏಳೇ ದಿನ. ಮೂವತ್ತೊಂಬತ್ತು ಸಂತೆಯಲ್ಲಿ ಅವ್ವ ಒಂದು ತಿಂಗಳಿಗೂ ಹೆಚ್ಚು ಕಾಲವನ್ನು ಸೃಷ್ಟಿ ಮಾಡಿದ್ದಳು, ಬ್ರಹ್ಮನಿಗೂ ತಿಳಿಯದಂತೆ.

ಆದರೆ ವೈನಿಯ ಮುಖ ಬಾಡಿತ್ತು. "ಹನ್ನೆರಡಕ್ಕ ಲಗ್ನ, ಹದಿನೈದಕ್ಕ ಇದು. ಮೂರ ದಿನದ ಫರಕ. ಚೊಚ್ಚಲದ್ದು, ನಾ ಇಲ್ಲದಾಗ ಈದ್ರ ಕರಾನ್ನೂ ಸನೇಕ ಬಿಡಂಗಿಲ್ಲ. ನಾ ಹೋಗಾಂಗಿಲ್ಲ ಬಿಡ್ರಿ. ಕಳಸಾ ಕಾಕಾನ ಮಗಳ ಕೈಯಾಗ ಕೊಡ್ಲಿ."

ಹೇಳಿ ಇಳಕಲ್ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದಳು. ನನಗೆ ಎಲ್ಲಿಲ್ಲದ ಆವೇಶ ಬಂತು.

"ವೈನಿ, ನೀವ ಹತ್ತಕ್ಕ ಹೋಗ್ರಿ, ಹದಿಮೂರಕ್ಕ ಬರ್ರಿ. ಹದಿನೈದರ ತನಕ ಎಮ್ಮಿ ಜವಾಬ್ದಾರಿ ನಂದು."

ಅಣ್ಣ ನಕ್ಕ. "ಲೇ ತಮ್ಮಾ, ನಿಮ್ಮ ಕೋರ್ಟಿನ ತಾರೀಖ ಮುಂದ ಮುಂದ ಹೋಗ್ತಾವ. ಎಮ್ಮಿ ತಾರೀಖ ಹಿಂದ ಬಂತಂದ್ರ?"

"ಹತ್ತಕ್ಕ ಕೆಚ್ಚಲಾ ನೋಡೂಣು," ಎಂದಳು ಅವ್ವ. "ತುಂಬಿಲ್ಲ ಅಂದ್ರ ಹೋಗ್ಲಿ."

ಅಲ್ಲಿಂದ ಮನೆಯವರೆಲ್ಲರ ದೃಷ್ಟಿ ಒಂದೇ ಕಡೆಗಿತ್ತು. ನಾನು ಕೆಲಸಕ್ಕೆ ಹೋಗುವ ಮೊದಲು ದೇವರಿಗೆ ಕೈ ಮುಗಿದು, ಬಗ್ಗಿ ಕೆಚ್ಚಲು ನೋಡಿ ಹೋಗುತ್ತಿದ್ದೆ. ಹತ್ತನೆಯ ತಾರೀಖು ಬೆಳಗ್ಗೆ ಅದು ಅರ್ಧ ತುಂಬಿತ್ತು. ಅರ್ಧಕ್ಕೆ ಯಾವ ತೀರ್ಪೂ ಇರಲಿಲ್ಲ. ಅವ್ವ ತಾನೇ ಟ್ರಂಕು ತೆಗೆದು ಸೀರೆಯನ್ನು ವೈನಿಯ ಕೈಗಿಟ್ಟಳು. "ಹೋಗ್ಬೇ. ಒಬ್ಬನ ತಮ್ಮ. ಎಮ್ಮಿ ಮತ್ತ ಈಯತೈತಿ."

ಹನ್ನೆರಡರ ಬೆಳಗ್ಗೆ ಎಮ್ಮೆ ಏಳುವುದು, ಕೂಡುವುದು, ಬಾಲ ಎತ್ತುವುದು ಶುರು ಮಾಡಿತು. ಅವ್ವ ನನ್ನನ್ನು ನೋಡಿದಳು. ಅಣ್ಣ ಹೆಂಡತಿಯೊಂದಿಗೆ ಉಗಾರದಲ್ಲಿದ್ದುದರಿಂದ ನೋಡಲಾಗಲಿಲ್ಲ. ಆದರೆ ಸುದ್ದಿ ತಿಳಿಸಿದ ಕೂಡಲೇ ವಿಡಿಯೋ ಕಾಲ್ ಮಾಡಿದ. ತೆರೆಯ ಮೇಲೆ ಹಸಿರು ಸೀರೆ, ಕೈಯಲ್ಲಿ ಕಳಸ, ಬಾಜಾದ ಗದ್ದಲದ ನಡುವೆ ವೈನಿ ಕೂಗುತ್ತಿದ್ದಳು: "ಅದರ ಮುಖಾ ತೋರಸ್ರಿ! ಮುಖಾ!"

ಒದೆ ಬೀಳದಷ್ಟು ದೂರದಲ್ಲಿ ನಿಂತು ಫೋನು ಚಾಚಿದೆ.

"ಏ ನನ್ನವ್ವಾ, ತಡಿಯ. ಅಕ್ಷತಿ ಬಿದ್ದ ಕೂಡ್ಲೆ ಬಂದ್ನಿ, ತಡಿಯ!"

ಎಮ್ಮೆ ಕಿವಿ ನಿಮಿರಿಸಿ ಫೋನನ್ನು ಮೂಸಿತು. ನಂತರ ನಿಧಾನವಾಗಿ ಮಲಗಿ ಮೆಲುಕು ಹಾಕತೊಡಗಿತು. ಅತ್ತ ಅಕ್ಷತೆ ಬಿತ್ತು. ನಾನು ಶೆಡ್ಡಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಮರುದಿನ ವೈನಿ ಮೊದಲ ಬಸ್ಸಿಗೇ ಬಂದಳು. ಮನೆಯೊಳಗೆ ಕಾಲಿಡದೆ ಸೀದಾ ಶೆಡ್ಡಿಗೆ ಹೋದಳು.

ಎಮ್ಮೆ ಮೇ ಹದಿಮೂರರ ಮಧ್ಯಾಹ್ನ ಈದಿತು. ಹೆಣ್ಣು ಕರು.