ತೊಗರಿ ಹೊಲಕ್ಕೆ ಬಿಟ್ಟ ಬಾಗಿಲು

ನನ್ನ ತಮ್ಮ ಚಿತ್ರದುರ್ಗದಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತಿದ್ದ. ಮನೆ ತುಂಬ ಜನ. ಅಂಥವನು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡು ತಂದ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಸಾಕಾಗಿ ಮಾರಿದ್ದು. ಅದು ನೆಲಕ್ಕೆ ಎಷ್ಟು ತಗ್ಗಾಗಿತ್ತೆಂದರೆ, ನಮ್ಮ ಬೀದಿಯ ಹಂಪು ದಾಟಿಸಲು ಮಿಲ್ಲಿನ ಹಮಾಲರು ಹಲಗೆ ಹಿಡಿದುಕೊಂಡು ಅದರ ಮುಂದೆ ಓಡಬೇಕಾಗುತ್ತಿತ್ತು.

ಆ ಕಾಲಕ್ಕೆ ಹೊಸ ಹೆದ್ದಾರಿ ಬಂದು, ಹಿರಿಯೂರಿನ ಆಚೆ ಆದಿವಾಲದ ಕಡೆ ಹಳೆ ರಸ್ತೆಯ ಒಂದು ತುಂಡು ಯಾರಿಗೂ ಬೇಡವಾಗಿ ಉಳಿದಿತ್ತು. ಅಲ್ಲಿ ಜಲ್ಲಿ ರಾಶಿ ಹಾಕಿಕೊಂಡಿದ್ದ ಹೊಸದುರ್ಗದ ಗುತ್ತಿಗೆದಾರನಿಗೂ ಕಾರಿನ ಹುಚ್ಚು. ಭಾನುವಾರ ಬಂತೆಂದರೆ ಎರಡೂ ತುದಿಗೆ ಟಾರು ಡ್ರಮ್ಮು ಅಡ್ಡ ಇಟ್ಟು, ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗದ ಕಾರಿನವರೆಲ್ಲ ಸೇರುತ್ತಿದ್ದರು. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಹೆಚ್ಚಿನ ಹೊತ್ತು ಇಡ್ಲಿ ತಿನ್ನುವುದರಲ್ಲಿ, ಒಬ್ಬರ ಬಾನೆಟ್ ಇನ್ನೊಬ್ಬರು ಎತ್ತಿ ನೋಡುವುದರಲ್ಲಿ ಕಳೆಯುತ್ತಿತ್ತು. ಕಾರೇ ಇಲ್ಲದವರು ಎಲ್ಲರಿಗಿಂತ ಹೆಚ್ಚು ಸಲಹೆ ಕೊಡುತ್ತಿದ್ದರು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಪೆಟ್ಟು ಬಿದ್ದರೆ ಕಟ್ಟು ಹಾಕಲಿಕ್ಕೆ ಒಬ್ಬರಿರಲಿ ಎಂದು ತಮ್ಮ ನನ್ನನ್ನು ಕರೆದೊಯ್ಯುತ್ತಿದ್ದ. ನಾನು ಮೊದಲ ವಾರವೇ ಒಂದು ಸೀಟಿ ಕೊಂಡೆ. ಸೀಟಿ ಊದದೆ ಯಾರೂ ಕಾರು ಬಿಡುವಂತಿಲ್ಲ, ಹೆಲ್ಮೆಟ್ ಇಲ್ಲದವನಿಗೆ ಸೀಟಿ ಇಲ್ಲ, ತಡವಾಗಿ ಬಂದವನಿಗೆ ಇಡ್ಲಿ ಇಲ್ಲ. ಕೊನೆಯದನ್ನು ಮಾತ್ರ ಅವರು ಗಂಭೀರವಾಗಿ ತೆಗೆದುಕೊಂಡರು.

ಆ ರಸ್ತೆಯಲ್ಲಿ ಒಂದೇ ಒಂದು ಕಠಿಣ ತಿರುವು. ಅದರ ಹೊರ ಅಂಚಿಗೆ ಒಬ್ಬ ಅಜ್ಜಿಯ ತೊಗರಿ ಹೊಲ, ಸುತ್ತ ಜಾಲಿಮುಳ್ಳಿನ ಬೇಲಿ. ತಮ್ಮನ ಕಾರು ನೇರ ರಸ್ತೆಯಲ್ಲಿ ಗುಂಡಿನಂತೆ ಬರುತ್ತಿತ್ತು. ತಿರುವಿನಲ್ಲಿ ಅವನು ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮುಂದಿನ ಚಕ್ರಗಳು ಜಾರಿ, ಮೂತಿ ತಿರುಗದೆ ನೆಟ್ಟಗೆ ಹೊಲಕ್ಕೆ ಹೋಗುತ್ತಿತ್ತು. ಹೋದಾಗಲೆಲ್ಲ ಮಿಲ್ಲಿನಿಂದ ಒಂದು ಚೀಲ ಶೇಂಗಾ ಹಿಂಡಿ ಅಜ್ಜಿಯ ಎಮ್ಮೆಗೆ ತಲುಪುತ್ತಿತ್ತು. ಹೀಗೆ ಕೆಲವು ವಾರ ಕಳೆದ ಮೇಲೆ ಅಜ್ಜಿ ಬೇಲಿಯನ್ನು ಒಂದು ಕಡೆ ಬಿಚ್ಚಿಟ್ಟಿದ್ದಳು.

"ವಾರ ವಾರ ಮುಳ್ಳು ಕಟ್ಟಾಕೆ ನನ್ ಕೈಲಾಗಲ್ಲಪ್ಪ. ನೀನ್ ಬರೋ ದಾರೀಲಿ ಬಾಗಿಲು ಬಿಟ್ಟಿದೀನಿ, ಬಾ," ಎಂದಳು ತಮ್ಮನಿಗೆ.

ಈ ಬಾಗಿಲಿನ ಸುದ್ದಿ ಚಿತ್ರದುರ್ಗ ತಲುಪಿತು. ಅಂದು ರಾತ್ರಿ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ತಟ್ಟೆ ಇಡುವ ಮೊದಲೇ ಮಾತು ಇಟ್ಟಳು.

"ಎಲ್ಲಾರ ಮನೆ ಗಂಡಸ್ರು ಟ್ರ್ಯಾಕಿಗೆ ಹೋಗ್ತಾರೆ, ನೀವು ತೊಗರಿ ಹೊಲಕ್ಕೆ ಹೋಗ್ತೀರಿ. ಮುಂದಿನ ತಿಂಗಳು ನಾನೇ ಬಂದು ನಿಂತು ನೋಡ್ತೀನಿ ರೀ. ಅವತ್ತು ಗಾಡಿ ಹೊಲಕ್ಕೆ ಇಳೀತು ಅಂದ್ರೆ ಮಾರಬೇಕು. ಏಳು ಜನ ಕೂರೋ ಗಾಡಿ ಬರಬೇಕು. ಅಕ್ಕ ಸಾಕ್ಷಿ."

ತಮ್ಮ ಹೂಂ ಎಂದ. ಬೇರೆ ದಾರಿ ಇರಲಿಲ್ಲ. ಪಲ್ಯದ ಸೌಟು ಅವಳ ಕೈಯಲ್ಲಿತ್ತು.

ಮರು ವಾರವೇ ಹಿರಿಯೂರಿನ ಲಾರಿ ಮೇಸ್ತ್ರಿಯನ್ನು ಕರೆಸಲಾಯಿತು. ಕಬ್ಬಿಣದ ಅದಿರು, ಕಲ್ಲು ಹೊರುವ ಲಾರಿಗಳಿಗೆಲ್ಲ ಅವನೇ ವೈದ್ಯ. ಲಾರಿ ಯಾವ ಕಡೆ ಕುಸಿದರೂ ಆ ಕಡೆಗೆ ಇನ್ನೊಂದು ಸ್ಪ್ರಿಂಗ್ ಪಟ್ಟಿ ಸೇರಿಸುವುದು ಅವನ ಚಿಕಿತ್ಸೆ. ನಮ್ಮ ಜಿಲ್ಲೆಯಲ್ಲಿ ಪಟ್ಟಿ ತೆಗೆಸಲು ಬಂದವರನ್ನು ಯಾರೂ ಕಂಡಿಲ್ಲ.

"ಮೂತಿ ಮೆತ್ತಗೈತೆ ಸಾಹುಕಾರ್ರೆ, ಅದಕ್ಕೇ ಮಾತು ಕೇಳ್ತಿಲ್ಲ. ಮುಂದೆ ಗಟ್ಟಿ ಮಾಡಾಣ," ಎಂದ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಮುಂದಿನ ಸ್ಪ್ರಿಂಗು ಬಿಗಿಯಾಯಿತು, ಶಾಕ್ ಅಬ್ಸಾರ್ಬರ್ ಬಿಗಿಯಾಯಿತು. ಕಾರು ಮೊದಲಿಗಿಂತ ನೆಟ್ಟಗೆ, ಮೊದಲಿಗಿಂತ ಒಳಗೆ, ತೊಗರಿಯ ನಡುವಿನವರೆಗೂ ಹೋಯಿತು. ಇನ್ನೂ ಬಿಗಿ ಮಾಡಿದರು. ಅಜ್ಜಿ ಬಾಗಿಲು ಅಗಲ ಮಾಡಿದಳು.

ಆಗ ನಾನು ಸೀಟಿ ಊದಿದೆ. ಒಬ್ಬ ರೋಗಿಗೆ ಏಕಕಾಲಕ್ಕೆ ನಾಲ್ಕು ಔಷಧಿ ಬದಲಾಯಿಸಿದರೆ ಜ್ವರ ಯಾವುದರಿಂದ ಇಳಿಯಿತು, ದದ್ದು ಯಾವುದರಿಂದ ಎದ್ದಿತು ಎಂದು ಹೇಳುವುದು ಹೇಗೆ? ಎಲ್ಲವನ್ನೂ ಮೊದಲಿನಂತೆ ಮಾಡಿಸಿದೆ. ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಒಂದು ಸುತ್ತು, ಆಮೇಲೆ ಮಾತು ಎಂದೆ. ಬಿಗಿ ಮಾಡಿ ಕೆಟ್ಟಿದ್ದರಿಂದ ಸಡಿಲ ಮಾಡಿ ನೋಡಿ ಎಂದಾಗ ಮೇಸ್ತ್ರಿ ನನ್ನನ್ನು ಕನಿಕರದಿಂದ ನೋಡಿದ.

ಮುಂದಿನ ಶಾಕ್ ಅಬ್ಸಾರ್ಬರ್‌ನ ಬಿಗಿ ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ತಿರುಗಿಸಿ ಸ್ವಲ್ಪ ಸಡಿಲಿಸಿದೆವು. ಮೂತಿ ಸ್ವಲ್ಪ ಮಾತು ಕೇಳಿತು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಸರಳನ್ನು ಮೆದು ಮಾಡಿದೆವು. ಇನ್ನೂ ಕೇಳಿತು. ಮುಂಭಾಗ ಬಿಗಿಯಾಗಿದ್ದಾಗ ತಿರುವಿನ ಭಾರವೆಲ್ಲ ಹೊರಗಡೆಯ ಮುಂದಿನ ಟೈರಿನ ಮೇಲೇ ಬಿದ್ದು ಅದು ಜಾರುತ್ತಿತ್ತು, ಅಷ್ಟೇ. ಕೊನೆಗೆ ಹಿಂದಿನ ಗುಂಡಿಗಳನ್ನು ಒಂದು ಚೂರು ಬಿಗಿ ಮಾಡಿದ ಮೇಲೆ ಕಾರು ತಿರುವಿನಲ್ಲಿ ಹಳಿ ಹಿಡಿದ ರೈಲಿನಂತೆ ಸುತ್ತಿ ಬಂತು. ತಮ್ಮ ಇಳಿದು ಬಂದು ನನ್ನ ಕಾಲು ಮುಟ್ಟಿದ. ಅಜ್ಜಿ ಹೊಲದಲ್ಲಿ ನಿಂತು, "ಯಾಕಪ್ಪ, ಇವತ್ತು ಬರಲಿಲ್ಲ?" ಎಂದು ಕೂಗಿದಳು.

ಗುಂಡಿಗಳು ಬೆರಳಲ್ಲೇ ತಿರುಗುವಂಥವು. ಯಾರೂ ಮುಟ್ಟದಿರಲೆಂದು ನಾಲ್ಕಕ್ಕೂ ಆಸ್ಪತ್ರೆಯ ಪ್ಲಾಸ್ಟರ್ ಅಂಟಿಸಿದೆ.

ಪರೀಕ್ಷೆಯ ಭಾನುವಾರ ಬಂತು. ತಮ್ಮನ ಹೆಂಡತಿಯನ್ನು ಬಸ್ಸಿನಲ್ಲಿ ಕರೆತರುವ ಜವಾಬ್ದಾರಿ ನನ್ನದು. ನಾವು ತಲುಪಿದಾಗ ಎಲ್ಲರೂ ಕೈ ತೊಳೆದುಕೊಂಡು, ಮದುವೆ ಮನೆಯ ಬೀಗರಂತೆ ನಿಂತಿದ್ದರು. ಅವಳು ಜಲ್ಲಿ ರಾಶಿಯ ಮೇಲೆ ಛತ್ರಿ ಬಿಡಿಸಿ ನಿಂತಳು. ನಾನು ಸೀಟಿ ಊದಿದೆ.

ಕಾರು ಬಂತು. ತಮ್ಮ ಸ್ಟಿಯರಿಂಗ್ ತಿರುಗಿಸಿದ. ಮೂತಿ ಗಕ್ಕನೆ ಒಳಕ್ಕೆ ತಿರುಗಿತು. ಹಿಂದೆಯೇ ಬಾಲ ಹೊರಕ್ಕೆ ಬೀಸಿತು. ಕಾರು ಬುಗುರಿಯಂತೆ ಸುತ್ತಿ, ಬಾಗಿಲು ಬಿಟ್ಟಿದ್ದ ಜಾಗವನ್ನು ತಪ್ಪಿಸಿ, ಬೇಲಿ ಮುರಿದುಕೊಂಡು ಹಿಮ್ಮುಖವಾಗಿ ತೊಗರಿಯಲ್ಲಿ ಕೂತಿತು. ನಾನು ಔಷಧಿ ಪೆಟ್ಟಿಗೆ ಹಿಡಿದು ಓಡಿದೆ. ಅವನಿಗೆ ಏನೂ ಆಗಿರಲಿಲ್ಲ. ಹೆಲ್ಮೆಟ್ ಮೇಲೆ ಒಂದು ತೊಗರಿ ಗಿಡ ಇತ್ತು.

ಹಿಂದಿನ ಗುಂಡಿ ನೋಡಿದೆ. ಪ್ಲಾಸ್ಟರ್ ಬಿಚ್ಚಿ ಸೊಟ್ಟಗೆ ಮತ್ತೆ ಅಂಟಿಸಿದ್ದರು. ನನ್ನ ವಾರ್ಡಿನಲ್ಲಿ ಯಾರೂ ಪ್ಲಾಸ್ಟರ್ ಹಾಗೆ ಅಂಟಿಸುವುದಿಲ್ಲ. "ಯಾರು?" ಎಂದೆ.

ಗುತ್ತಿಗೆದಾರ ಮೊದಲು ಬಾಯಿ ಬಿಟ್ಟ. "ಒಂದ್ ಚೂರು ಬಿಗಿ ಮಾಡಿದ್ದಕ್ಕೇ ಅಷ್ಟು ಚೆನ್ನಾಗಿತ್ತಲ್ಲ ಅಕ್ಕಾರೆ. ಇನ್ನೊಂದ್ ಚೂರು ಇರ್ಲಿ ಅಂತ..."

"ನೀನೂ ಮಾಡಿದ್ಯೇನಲೇ?" ಎಂದ ಹೊಳಲ್ಕೆರೆಯಿಂದ ಬರುತ್ತಿದ್ದ ತಮ್ಮನ ಗೆಳೆಯ. "ನಾನೂ ಮಾಡಿದ್ನಲ್ಲ!"

"ಇವತ್ತು ಮರ್ಯಾದೆ ಪ್ರಶ್ನೆ ಅಂತ ನಾನೂ ಒಂದ್ ಸುತ್ತು," ಎಂದ ಮೇಸ್ತ್ರಿ, ಬೇರೆ ಕಡೆ ನೋಡುತ್ತ.

ಸಾರಿಗೆ ಒಬ್ಬೊಬ್ಬರಾಗಿ ಬಂದು ಉಪ್ಪು ಹಾಕಿದಂತೆ, ಪ್ರೀತಿಯಿಂದ, ಒಬ್ಬರಿಗೊಬ್ಬರು ಹೇಳದೆ, ಎಲ್ಲರೂ ಕೈ ಹಚ್ಚಿದ್ದರು. ಹಿಂಭಾಗ ಅತಿ ಬಿಗಿಯಾಗಿ, ಈ ಸಲ ಹಿಂದಿನ ಟೈರು ಜಾರಿತ್ತು. ಕೊನೆಗೆ ತಮ್ಮನೂ ಮೆಲ್ಲಗೆ, "ಹೊರಡೋ ಮೊದ್ಲು ನಾನೂ ಒಂಚೂರು ಅಕ್ಕಾ," ಎಂದ.

ಅಷ್ಟರಲ್ಲಿ ಅವನ ಹೆಂಡತಿ ಛತ್ರಿ ಮಡಚಿಕೊಂಡು ಬಂದಳು. ತಮ್ಮ ವಕೀಲನಾದ. "ನೋಡು, ಮೂತಿ ಹೊಲಕ್ಕೆ ಹೋಗಿಲ್ಲ. ಮೂತಿ ರಸ್ತೆ ಕಡೆಗೇ ಐತೆ. ಹೋಗಿದ್ದು ಹಿಂಭಾಗ."

ಅವಳು ಅಜ್ಜಿಯ ಕಡೆ ತಿರುಗಿದಳು. "ಏನಜ್ಜಿ, ಇದು ಹೊಲಕ್ಕೆ ಬಂದ ಲೆಕ್ಕನೋ, ಅಲ್ವೋ?"

ಅಜ್ಜಿ ಮುರಿದ ಬೇಲಿಯನ್ನು ನೋಡುತ್ತ ನಿಂತಿದ್ದಳು. "ಬಾಗಿಲು ಬಿಟ್ಟಿದ್ನಲ್ಲಪ್ಪ," ಎಂದಳು, ನಿಜವಾಗಿ ನೊಂದು. "ಅದು ಬಿಟ್ಟು ಬೇಲಿ ಯಾಕೆ ಮುರ್ದೆ? ತಿರುಗಿ ಕುಂತು ಬಂದ್ರೆ ಬಾಗಿಲು ಹೆಂಗೆ ಕಾಣ್ತೈತೆ?"

ಕಾರು ಮಾರಾಟವಾಯಿತು. ಏಳು ಜನರ ಗಾಡಿ ಬಂತು. ಒಂದು ಭಾನುವಾರ ಮನೆಮಂದಿಯನ್ನೆಲ್ಲ ತುಂಬಿಕೊಂಡು ತಮ್ಮ ಅದನ್ನು ಆ ತಿರುವಿನಲ್ಲಿ ತಿರುಗಿಸಿದ. ನಾನು ಮುಂದಿನ ಸೀಟಿನಲ್ಲಿದ್ದೆ. ಎತ್ತಿನ ಗಾಡಿಯ ವೇಗ, ಯಾವ ಟೈರೂ ಜಾರಲಿಲ್ಲ. ಆದರೂ ಅವನು ಗಾಡಿ ನಿಲ್ಲಿಸಿ, "ಮೂತಿ ಸ್ವಲ್ಪ ಹೊರಗೆ ಎಳೀತೈತೆ ಅನ್ಸಲ್ವಾ ಅಕ್ಕಾ?" ಎಂದ. ಮೇಸ್ತ್ರಿ ಆಗಲೇ ಪಾನಾ ಹಿಡಿದು ಬರುತ್ತಿದ್ದ. ಹಿಂದಿನ ಸೀಟಿನಿಂದ ಅವನ ಹೆಂಡತಿ ಒಮ್ಮೆ ಕೆಮ್ಮಿದಳು. ಮೇಸ್ತ್ರಿ ಅಲ್ಲಿಂದಲೇ ವಾಪಸು ಹೋದ.

ಬೇಲಿಯ ಬಾಗಿಲು ಇನ್ನೂ ತೆರೆದೇ ಇತ್ತು. ಅಜ್ಜಿ ಎಮ್ಮೆ ಹಿಡಿದುಕೊಂಡು ಅದರಲ್ಲಿ ನಿಂತಿದ್ದಳು. ಗಾಡಿಯ ಸುತ್ತ ಒಂದು ಸಲ ಬಂದು, ಕಿಟಕಿಯಲ್ಲಿ ಬಗ್ಗಿ ತಮ್ಮನನ್ನು ಕೇಳಿದಳು: "ಇದು ಯಾವಾಗಪ್ಪ ಹೊಲಕ್ಕಿಳಿಯೋದು? ಹಿಂಡಿ ಮುಗುದು ವಾರ ಆಯ್ತು."