ಡಿಸ್ಟ್ರಿಬ್ಯೂಟರ್ ತೊಳೆದ ಆಯುಧಪೂಜೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ವರ್ಷದ ಆಯುಧಪೂಜೆಯ ದಿನ ಸಿಟ್ಟು ಮಾಡಿದ್ದೆಲ್ಲ ಊರವರ ಮೇಲೆ, ತಪ್ಪು ಮಾಡಿದ್ದು ನಾನೊಬ್ಬನೇ. ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ನಮ್ಮದು ಬಾಡಿಗೆ ಮನೆ. ನನಗೆ ಅಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ ಎಂದ ಮಾತ್ರಕ್ಕೆ ನನಗೆ ಯಂತ್ರಗಳು ಗೊತ್ತಿದ್ದವು ಎಂದುಕೊಳ್ಳಬೇಡಿ. ನಾನು ಸ್ಟೋರ್ಸಿನವನು, ನಟ್ಟು ಬೋಲ್ಟು ಎಣಿಸಿ ಕೊಡುವವನು. ಆದರೂ ಮೂರನೇ ಕೈಯಿಂದ ಒಂದು ಹಳೇ ಕಾರು ಕೊಂಡಿದ್ದೆ, ಮತ್ತು ನಮ್ಮ ಬೀದಿಯಲ್ಲಿ ಎಂಜಿನ್ ಬಗ್ಗೆ ನನ್ನಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ.

ಹಬ್ಬದ ಹಿಂದಿನ ದಿನ ಸಂಜೆ ಕಾರು ತೊಳೆಯಲು ನಿಂತೆ. ನನ್ನ ಹೆಂಡತಿ ಪಕ್ಕದ ನಲ್ಲಿಯ ಹತ್ತಿರ ಕೂತು ಹುಣಸೆಹಣ್ಣು ಹಚ್ಚಿ ಪೂಜೆಯ ಹಿತ್ತಾಳೆ ಪಾತ್ರೆ ಉಜ್ಜುತ್ತಿದ್ದಳು. ಬಾನೆಟ್ ಎತ್ತಿದರೆ ಒಳಗೆಲ್ಲ ಎಣ್ಣೆ, ಧೂಳು. ನಾಳೆ ಅದಕ್ಕೆ ಕುಂಕುಮ ಇಡಬೇಕಲ್ಲ, ಹೀಗಿದ್ದರೆ ಹೇಗೆ ಎನ್ನಿಸಿತು. ಅಲ್ಲಿ ಡಿಸ್ಟ್ರಿಬ್ಯೂಟರ್ ಎಂದು ಒಂದು ಡಬ್ಬಿ ಇರುತ್ತದೆ. ಯಾವ ಪ್ಲಗ್ಗಿಗೆ ಯಾವ ಗಳಿಗೆಯಲ್ಲಿ ಕಿಡಿ ಹೋಗಬೇಕು ಎಂದು ಹಂಚಿಕೊಡುವುದು ಅದೇ. ಹಿಂದಿನ ತಿಂಗಳು ನಮ್ಮ ಮೆಕ್ಯಾನಿಕ್ ಅದನ್ನು ಬೆರಳಲ್ಲಿ ತೋರಿಸಿ, “ಎಲ್ಲಿ ಬೇಕಾದ್ರೂ ಒರೆಸ್ಕೊಳಿ ಸಾರ್, ಇದನ್ನ ಮಾತ್ರ ಅಲ್ಲಾಡಿಸ್ಬೇಡಿ, ಟೈಮಿಂಗ್ ಹೊರಟೋಗುತ್ತೆ” ಎಂದಿದ್ದ. ಆ ಮಾತು ನೆನಪಿತ್ತು. ನೆನಪಿದ್ದದ್ದಕ್ಕೇ ಬಿಚ್ಚಿದೆನೋ ಏನೋ, ನನ್ನ ಬುದ್ಧಿಯೇ ಅಂಥದ್ದು.

“ರೀ, ಅದನ್ಯಾಕೆ ಬಿಚ್ತೀರಿ? ಮೇಲೆ ಬಟ್ಟೇಲಿ ಒರೆಸಿದ್ರೆ ಸಾಕಲ್ವಾ?” ಎಂದಳು ಇವಳು.

“ನಿನ್ನ ತಂಬಿಗೆ ನೀನು ತೊಳ್ಕೊ, ನನ್ನ ಎಂಜಿನ್ ನಾನು ತೊಳ್ಕೋತೀನಿ. ಒಂದು ತಟ್ಟೆ ಹಿಡಿ ಇಲ್ಲಿ” ಎಂದೆ.

ಅವಳು ಕೈ ಒರೆಸಿಕೊಂಡು ಬಂದು ತಟ್ಟೆ ಹಿಡಿದಳು. ಬಿಚ್ಚಿದ ಬೋಲ್ಟನ್ನು ಅದರಲ್ಲಿ ಹಾಕಿದೆ. ಡಬ್ಬಿಯನ್ನು ಬುಡಸಮೇತ ಎತ್ತಿ, ಪೆಟ್ರೋಲಿನಲ್ಲಿ ತೊಳೆದು, ಅವಳ ಹುಣಸೆಹಣ್ಣನ್ನೇ ತೆಗೆದುಕೊಂಡು ಹೊರಮೈ ಉಜ್ಜಿದೆ. ಫಳಫಳ ಎಂದಿತು. ಅದು ಹೊರಗಿದ್ದಾಗಲೇ ಫ್ಯಾನ್ ಬೆಲ್ಟ್ ಸುತ್ತ ಒರೆಸಬೇಕೆಂದು ಮುಂದಿನಿಂದ ಹ್ಯಾಂಡಲ್ ತೂರಿಸಿ ಎಂಜಿನ್ನನ್ನು ಒಂದೆರಡು ಸುತ್ತು ತಿರುಗಿಸಿದೆ. ಆಮೇಲೆ ಡಬ್ಬಿಯನ್ನು ಇದ್ದ ಹಾಗೇ ಕೂರಿಸಿ ಬಿಗಿದೆ. ಇದ್ದ ಹಾಗೇ ಎಂದು ನಾನು ತಿಳಿದುಕೊಂಡಿದ್ದೆ. ದೀಪ ಹಚ್ಚುವ ಹೊತ್ತಾಗಿತ್ತು, ಸ್ಟಾರ್ಟ್ ಮಾಡಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಯಾಯಿತು. ಬಾಳೆಕಂದು ಕಟ್ಟಿ, ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಟ್ಟೆವು. ಇನ್ನೇನು ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಬೇಕು, ಅಷ್ಟರಲ್ಲಿ ತಂತಿಯವನು ಬಂದ. ನನ್ನ ಮಾವ, ಅಂದರೆ ಇವಳ ತಂದೆ, ಬೆಳಗಿನ ಜಾವ ತೀರಿಕೊಂಡಿದ್ದರು. ಸಂಜೆ ಐದಕ್ಕೆ ಮಣ್ಣು, ತಕ್ಷಣ ಹೊರಡಿ ಎಂದು ಇವಳ ತಮ್ಮ ತಂತಿ ಕೊಟ್ಟಿದ್ದ. ಊರು ಹಿರಿಯೂರಿನಿಂದ ಇನ್ನೂ ಒಳಗೆ. ನಮ್ಮ ಕಾರಿಗೆ ಐದು ಗಂಟೆಯ ದಾರಿ. ಆಗ ಒಂಬತ್ತೂವರೆ.

ಇವಳು ಅಳಲಿಲ್ಲ. ಹಬ್ಬಕ್ಕೆ ಬಾ ಮಗಳೇ ಎಂದು ಆ ಮನುಷ್ಯ ಹದಿನೈದು ದಿನದ ಹಿಂದೆ ಕಾಗದ ಬರೆದಿದ್ದರು. ಕಾರಿನ ಪೂಜೆ ಇಲ್ಲೇ ಆಗಬೇಕು ಎಂದು ತಡೆದವನು ನಾನು. ಅದನ್ನೂ ಅವಳು ಎತ್ತಲಿಲ್ಲ. “ಒಂದು ಸಲ ಮುಖ ನೋಡ್ಬೇಕು ರೀ. ಮಣ್ಣು ಮುಚ್ಚೋದ್ರೊಳಗೆ ಒಂದೇ ಸಲ” ಎಂದಳು. ಎರಡು ಸೀರೆ ಚೀಲಕ್ಕೆ ತುರುಕಿ ಹಿಂದಿನ ಸೀಟಿನಲ್ಲಿ ಕೂತಳು.

ಕೀಲಿ ತಿರುಗಿಸಿದೆ. ಕರ್‌ಕರ್ ಎಂದು ಸುತ್ತಿ, ಕಾರ್ಬ್ಯುರೇಟರಿನಿಂದ ಢಬ್ ಎಂದು ಹೊಡೆಯಿತು. ಮತ್ತೆ ತಿರುಗಿಸಿದರೆ ಸೈಲೆನ್ಸರಿನಲ್ಲಿ ಪಟಾಕಿ. ಹ್ಯಾಂಡಲ್ ಹಾಕಿ ಎಳೆದೆ, ಅದು ಹಿಂದಕ್ಕೆ ಒದ್ದ ಏಟಿಗೆ ಮಣಿಕಟ್ಟು ಮುರಿದೇ ಹೋಯಿತು ಎನ್ನಿಸಿತು. “ಹಬ್ಬದ ದಿನಾನೇ ಕೆಡ್ಬೇಕಾ ಮುಂಡೇದು!” ಎಂದು ಕಾರಿಗೆ ಬೈದೆ, ಗುಂಪು ಕೂಡಿದ ಅಕ್ಕಪಕ್ಕದವರಿಗೆ ಬೈದೆ. ಇವಳು ಕಿಟಕಿಯಿಂದ ತಲೆ ಹಾಕಿ, “ಬಸ್ಸಿಗೆ ಹೋಗೋಣ ರೀ” ಎಂದಳು. “ಹಬ್ಬದ ರಷ್ಷಲ್ಲಿ ಯಾವ ಬಸ್ಸು ಸಿಗುತ್ತೆ ನಿಂಗೆ? ಸಿಕ್ಕಿದ್ರೂ ಹಿರಿಯೂರಿಂದ ಮುಂದೆ ನಡೀತೀಯಾ? ಹತ್ತು ನಿಮಿಷ ಇರು” ಎಂದೆ. ಸರ್ಕಲ್ಲಿನ ಟ್ಯಾಕ್ಸಿಯವರನ್ನು ಕೇಳಿ ಬಂದೆ, ಹಬ್ಬ ಬಿಟ್ಟು ಅಷ್ಟು ದೂರ ಬರಲು ಒಬ್ಬನೂ ಒಪ್ಪಲಿಲ್ಲ. ಹತ್ತೂವರೆಯಾಗಿತ್ತು.

ಸೈಕಲ್ ಹತ್ತಿ ಕಾಮಾಕ್ಷಿಪಾಳ್ಯಕ್ಕೆ ಓಡಿದೆ. ಮೆಕ್ಯಾನಿಕ್ ತನ್ನ ಶೆಡ್ಡಿನ ಮುಂದೆ ಹೊಸ ಅಂಗಿ ಹಾಕಿಕೊಂಡು ಕಡಲೆಪುರಿ ಹಂಚುತ್ತಿದ್ದ. ಒಳಗೆ ಅವನ ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲ ಸಾಲಾಗಿ ಮಲಗಿದ್ದವು, ಒಂದೊಂದಕ್ಕೂ ಅರಿಶಿನ ಕುಂಕುಮ, ಹೂವು.

“ನಾಳೆ ಬೆಳಿಗ್ಗೆವರ್ಗೂ ಸಾಮಾನು ಎತ್ತಲ್ಲ ಸಾರ್. ನಮ್ಮಪ್ಪನ ಕಾಲದಿಂದ ನಡ್ಕೊಂಡ್ ಬಂದಿರೋದು” ಎಂದ.

ನಾನು ಕೂಗಾಡಿದೆ. ಮನುಷ್ಯನಾ ನೀನು ಎಂದೆ. ಕೊನೆಗೆ, “ಅವಳ ಅಪ್ಪ ಕಣಯ್ಯ, ಮುಖ ನೋಡ್ಬೇಕು ಅಂತಿದಾಳೆ” ಎಂದೆ. ಅವನು ಪುರಿಯ ಪುಟ್ಟಿ ಕೆಳಗಿಟ್ಟ. “ಕೈ ಬರುತ್ತೆ ಸಾರ್, ಸ್ಪ್ಯಾನರ್ ಬರಲ್ಲ. ನೀವು ಬಿಚ್ಚಿ, ನಾನ್ ಹೇಳ್ತೀನಿ. ನಡೀರಿ” ಎಂದು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತ.

ಮನೆಯಲ್ಲಿ ನನ್ನ ನಾಲ್ಕು ಸ್ಪ್ಯಾನರುಗಳೂ ದೇವರ ಮುಂದಿದ್ದವು. ಹೂ ಕೆಡವಿ ಎತ್ತಿಕೊಂಡು ಬಂದೆ. ಮೆಕ್ಯಾನಿಕ್ ಎಂಜಿನ್ ಮೇಲೆ ಬಗ್ಗಿ, ಒಮ್ಮೆ ಸೆಲ್ಫ್ ಹೊಡೆಸಿ, ಆ ಢಬ್ ಕೇಳಿಸಿಕೊಂಡು ನೆಟ್ಟಗೆ ನಿಂತ.

“ಟೈಮಿಂಗ್ ಔಟಾಗಿರೋ ಸದ್ದು ಇದು. ಡಿಸ್ಟ್ರಿಬ್ಯೂಟರ್ ಯಾರಾದ್ರೂ ಬಿಚ್ಚಿದ್ರಾ ಸಾರ್?”

ಸುತ್ತ ಬೀದಿಯ ಅಷ್ಟೂ ಜನ ನಿಂತಿದ್ದರು. ಇವರಿಗೆಲ್ಲ ನಾನು ಎಂಜಿನ್ ಪಾಠ ಹೇಳಿದ್ದವನು. “ಯಾರ್ ಬಿಚ್ತಾರೆ? ಬಟ್ಟೇಲಿ ಒರೆಸಿದೀನಿ ಅಷ್ಟೆ” ಎಂದೆ.

ಹೇಳಿ ಮುಗಿಸುವಾಗ ಕಿಟಕಿಯಲ್ಲಿ ಇವಳ ಮುಖ ಕಂಡಿತು. ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದವಳು ಮುಚ್ಚಿಕೊಂಡಳು.

“ಬಿಚ್ಚಿಲ್ಲ ಅಂದ್ರೆ ತಾನಾಗೇ ತಿರುಗಲ್ಲ. ಹಂಗಾದ್ರೆ ಬೇರೆ ಎಲ್ಲೋ ಇದೆ” ಎಂದ ಅವನು. ಪಾಪ, ನಂಬಿದ. ಅಲ್ಲಿಂದ ಶುರುವಾಯಿತು. ಪೆಟ್ರೋಲ್ ಪೈಪು ಬಿಚ್ಚಿಸಿ ಊದಿಸಿದ. ಕಾರ್ಬ್ಯುರೇಟರ್ ಬಿಚ್ಚಿಸಿ ಜೆಟ್ ತೊಳೆಸಿದ. ನಾಲ್ಕೂ ಪ್ಲಗ್ ತೆಗೆಸಿ, ಕಿಡಿ ನೋಡಿ, ಕಿಡಿ ಚೆನ್ನಾಗೇ ಇದೆಯಲ್ಲ ಎಂದು ತಲೆ ಕೆರೆದುಕೊಂಡ. ಬೋಲ್ಟುಗಳನ್ನೆಲ್ಲ ನಾನೇ ಬಿಚ್ಚಬೇಕು, ನಾನೇ ಬಿಗಿಯಬೇಕು. ಅವನಾದರೆ ಎರಡು ನಿಮಿಷದ ಕೆಲಸ, ನನಗೆ ಹತ್ತು. ಬೆರಳ ಗೆಣ್ಣೆಲ್ಲ ಸುಲಿದು ರಕ್ತ ಬಂತು. ನನಗೆ ಒಳಗೊಳಗೇ ಗೊತ್ತಿತ್ತು, ಆ ಡಬ್ಬಿಯದೇ ಕಿತಾಪತಿ ಎಂದು. ಈಗ ಹೇಳುತ್ತೇನೆ, ಇನ್ನೊಂದು ನಿಮಿಷಕ್ಕೆ ಹೇಳುತ್ತೇನೆ ಎಂದುಕೊಳ್ಳುತ್ತಲೇ, ಈ ಬೋಲ್ಟಿನಲ್ಲೇ ಸರಿಹೋಗಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಹನ್ನೊಂದೂಕಾಲಿಗೆ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಹನ್ನೆರಡಾಯಿತು. ಇವಳು ಇನ್ನೊಮ್ಮೆ “ಬಸ್ಸಿಗಾದ್ರೂ ಹೋಗೋಣ” ಎಂದಾಗ, “ಸುಮ್ನಿರೇ, ತಲೆ ತಿನ್ಬೇಡ!” ಎಂದು ಅಷ್ಟು ಜನರ ಮುಂದೆ ಗದರಿದೆ. ತಂದೆ ಸತ್ತ ಹೆಣ್ಣುಮಗಳಿಗೆ ಹಾಗೆಂದವನು ನಾನು.

ಹನ್ನೆರಡೂ ಮುಕ್ಕಾಲಿಗೆ ಮೆಕ್ಯಾನಿಕ್ ಕೈಚೆಲ್ಲಿದ. “ನಂಗೆ ಇನ್ನೇನೂ ತೋಚ್ತಿಲ್ಲ ಸಾರ್. ಎಂಜಿನ್ ಒಳಗಿನ ಟೈಮಿಂಗ್ ಚೈನೇ ಹೋಗಿರ್ಬೇಕು. ಅದಾದ್ರೆ ಇವತ್ತು ಆಗಲ್ಲ.”

ಆಗ ಇವಳು ಬಾಗಿಲು ತೆಗೆದು ಕೆಳಗಿಳಿದಳು. ನನ್ನ ಕಡೆ ನೋಡಲಿಲ್ಲ.

“ಅಣ್ಣ, ನಿನ್ನೆ ಸಂಜೆ ಆ ಡಬ್ಬಿ ಬಿಚ್ಚಿದ್ರು. ತಟ್ಟೆ ನಾನೇ ಹಿಡ್ಕೊಂಡಿದ್ದೆ. ಪೂರ್ತಿ ಮೇಲೆ ತೆಗೆದು ತೊಳೆದ್ರು. ಅದು ಹೊರಗಿದ್ದಾಗ್ಲೇ ಹ್ಯಾಂಡಲ್ ತಿರುಗಿಸಿದ್ರು.”

ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ಹೊರಗಿನವರ ಮುಂದೆ ನನ್ನ ಮಾತಿಗೆ ಎದುರಾಡಿದ್ದು ಅದೊಂದೇ ಸಲ. ಮೆಕ್ಯಾನಿಕ್ ನನ್ನನ್ನು ಅರೆಗಳಿಗೆ ನೋಡಿದ. ಬೈಯಲಿಲ್ಲ. “ಒಂದನೇ ಪ್ಲಗ್ ತೆಗೀರಿ” ಎಂದಷ್ಟೇ ಹೇಳಿದ.

ಪ್ಲಗ್ ತೆಗೆದ ತೂತಿನ ಮೇಲೆ ಅವನು ತನ್ನ ಹೆಬ್ಬೆರಳಿಟ್ಟ. ನಾನು ಹ್ಯಾಂಡಲ್ ಹಿಡಿದು ನಿಧಾನಕ್ಕೆ ಸುತ್ತಿದೆ. “ಗಾಳಿ ಬೆರಳನ್ನ ತಳ್ತಾ ಇದೆ… ಇನ್ನೊಂಚೂರು… ಸಾಕು, ನಿಲ್ಸಿ.” ಅಂದರೆ ಒಂದನೇ ಸಿಲಿಂಡರು ಕಿಡಿಗಾಗಿ ಕಾಯುತ್ತಿರುವ ಗಳಿಗೆ ಅದು. ಡಿಸ್ಟ್ರಿಬ್ಯೂಟರ್ ಮುಚ್ಚಳ ಎತ್ತಿ ನೋಡಿದರೆ, ಒಳಗೆ ಕಿಡಿ ಹಂಚುವ ಮುಳ್ಳು ಆ ಪ್ಲಗ್ಗಿನ ವಯರಿಗೆ ಬೆನ್ನು ಹಾಕಿ ನಿಂತಿತ್ತು. ಎಂಜಿನ್ನಿನ ಒಡಲು ಒಂದು ಹೊತ್ತಿನಲ್ಲಿ, ಕಿಡಿ ಇನ್ನೊಂದು ಹೊತ್ತಿನಲ್ಲಿ. ಡಬ್ಬಿ ಎತ್ತಿ, ಮುಳ್ಳನ್ನು ಸರಿಯಾದ ಕಡೆಗೆ ತಿರುಗಿಸಿ ಮತ್ತೆ ಇಳಿಸಿದೆ. ಸಿಗರೇಟ್ ಪ್ಯಾಕಿನ ತೆಳು ಕಾಗದವೊಂದನ್ನು ಅವನು ಡಬ್ಬಿಯೊಳಗಿನ ಪಾಯಿಂಟು ಎಂಬ ಎರಡು ಪುಟ್ಟ ಲೋಹದ ತುದಿಗಳ ನಡುವೆ ಸಿಕ್ಕಿಸಿ ಎಳೆಯುತ್ತ, “ತಿರುಗಿಸಿ… ತಿರುಗಿಸಿ… ಬಿಡ್ತು, ಬಿಗೀರಿ” ಎಂದ. ಕಾಗದ ಸಡಿಲವಾಗಿ ಈಚೆ ಬಂದ ಜಾಗವೇ ಪಾಯಿಂಟ್ ತೆರೆದು ಕಿಡಿ ಹಾರುವ ಜಾಗ. ಕೀಲಿ ತಿರುಗಿಸಿದರೆ ಮೊದಲ ಸುತ್ತಿಗೇ ಎಂಜಿನ್ ಹಿಡಿದುಕೊಂಡಿತು. ಎಲ್ಲ ಸೇರಿ ಅರ್ಧ ಗಂಟೆ. ಒಂದೂಕಾಲಿಗೆ ಹೊರಟೆವು.

ದಾರಿಯುದ್ದಕ್ಕೂ ನಾನು ಆಕ್ಸಿಲರೇಟರ್ ಒತ್ತಿದ ಕಾಲು ಎತ್ತಲಿಲ್ಲ. ನೆಲಮಂಗಲ, ತುಮಕೂರು, ಶಿರಾ. ಪ್ರತಿ ಊರಿನಲ್ಲೂ ಹೂವು ಕಟ್ಟಿದ ಲಾರಿಗಳು, ಎತ್ತಿನ ಗಾಡಿಗಳು ಅಡ್ಡ. ಅವಳು ಹಿಂದೆಯೇ ಕೂತಿದ್ದಳು, ಮುಂದೆ ಬಾ ಎಂದು ಕರೆಯುವ ಮುಖ ನನಗಿರಲಿಲ್ಲ. “ತಡ ಮಾಡ್ತಾರೆ ಬಿಡು, ಮಗಳು ಬರ್ಬೇಕು ಅಂತ ಕಾಯ್ತಾರೆ” ಎಂದೆ. ಅವಳು ಹೂಂ ಎಂದಳು. ಶಿರಾ ದಾಟಿದ ಮೇಲೆ ಒಮ್ಮೆ ಗಂಟೆ ಎಷ್ಟು ಎಂದು ಕೇಳಿದಳು, ಹೇಳಿದೆ, ಆಮೇಲೆ ಕೇಳಲಿಲ್ಲ.

ಊರು ಮುಟ್ಟಿದಾಗ ಆರೂಕಾಲು. ಜನ ಹೊಲದ ಕಡೆಯಿಂದ ವಾಪಸು ಬರುತ್ತಿದ್ದರು, ಎಲ್ಲರ ಕೈಕಾಲಿಗೂ ಹಸಿ ಮಣ್ಣು. ಕಾರು ನಿಲ್ಲುವ ಮೊದಲೇ ಅವಳು ಬಾಗಿಲು ತೆಗೆದು ಇಳಿದು ಓಡಿದಳು. ನಾನು ಹಿಂದೆ ಓಡಿದೆ. ಹೊಲದ ಮೂಲೆಯಲ್ಲಿ ಮಣ್ಣು ಏರಿಸಿ, ಮೇಲೆ ಬಿಲ್ವಪತ್ರೆ ಹಾಕಿದ್ದರು. ಅವಳ ತಮ್ಮ ಅಲ್ಲೇ ನಿಂತಿದ್ದ.

“ಐದೂವರೆ ಗಂಟ ಕುಂದ್ರಿಸಿದ್ವಿ ಕಣಕ್ಕ” ಎಂದ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. “ಬಾಗ್ಲ ಕಡೆ ಮುಖ ಮಾಡಿ ಕುಂದ್ರಿಸಿದ್ವಿ, ನೀನ್ ಬರ್ತೀಯ ಅಂತ. ಹೊತ್ತು ಮುಳುಗಂಗಾತು. ಹಿರೇರು ಸಾಕು ಅಂದ್ರು.”

ಅವಳು ಮಣ್ಣಿನ ಮೇಲೆ ಬಿದ್ದು, ಬೆಳಿಗ್ಗೆಯಿಂದ ಅಳದಿದ್ದದ್ದನ್ನೆಲ್ಲ ಅತ್ತಳು. ಅಪ್ಪಾ, ಅಪ್ಪಾ ಎಂದು ಎರಡೂ ಕೈಯಲ್ಲಿ ಮಣ್ಣು ತಡವಿದಳು. ನಾನು ಕಂಬದ ಹಾಗೆ ನಿಂತಿದ್ದೆ. ತಮ್ಮ ನನ್ನ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

“ಒಂಬತ್ತಕ್ಕೆಲ್ಲ ತಂತಿ ಸಿಕ್ಕಿರ್ಬೇಕಲ್ಲ ಬಾವ? ಸ್ವಂತ ಕಾರು ಮಡಿಕ್ಕಂಡು, ಇಷ್ಟೊತ್ತು ಏನ್ ಮಾಡ್ತಿದ್ರಿ?”

ಹೇಳಬೇಕು ಎಂದು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಅಷ್ಟರಲ್ಲಿ ಅವಳು ಕೂತಲ್ಲಿಂದಲೇ ತಲೆ ಎತ್ತಿದಳು.

“ಅವರ್ನ ಏನೂ ಅನ್ಬೇಡ ಕಣೋ. ಹಳೇ ಗಾಡಿ, ಕೆಟ್ಟೋಯ್ತು. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ ಅವರು, ಕೈ ನೋಡು ಹೆಂಗಾಗಿದೆ. ಅವರ ತಪ್ಪೇನಿದೆ ಇದ್ರಲ್ಲಿ?”

ಅವನು ನನ್ನ ಸುಲಿದ ಕೈ ನೋಡಿದ. ಮುಖ ಮೆತ್ತಗಾಯಿತು. “ತಪ್ಪು ತಿಳ್ಕಬ್ಯಾಡಿ ಬಾವ, ಸಂಕಟಕ್ಕೆ ಅಂದೆ. ಗಾಡಿ ತಾನಾಗೇ ಕೆಟ್ರೆ ನೀವೇನ್ ಮಾಡಕ್ಕಾಯ್ತದೆ” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ.

ಅವಳು ಮಣ್ಣಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ.