ರೊಟ್ಟಿ ಸಪ್ಪಳದ ಸಾಕ್ಷಿ

ಡಾಕ್ಟರ ಟೇಬಲ್ ಮೇಲೆ ರೊಟ್ಟಿ ಬಡಿದು ತೋರಿಸಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಹೋದ ತಿಂಗಳು, ಇಲ್ಲೇ ನಮ್ಮ ಜೇವರ್ಗಿಯಲ್ಲಿ.

ಬಡಿದವರು ನಮ್ಮ ಪಕ್ಕದ ಮನೆಯ ಕಾಶಮ್ಮ. ವಯಸ್ಸು ಅರವತ್ತರ ಮೇಲೆ. (ಎಷ್ಟು ಮೇಲೆ ಎಂದು ನಾನು ಈವರೆಗೆ ಕೇಳಿಲ್ಲ. ಕೇಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ.) ಅವರು ಡಾಕ್ಟರ ಚೀಟಿಯ ಪ್ಯಾಡನ್ನು ಪಕ್ಕಕ್ಕೆ ಸರಿಸಿದರು. ಸ್ಟೆತಾಸ್ಕೋಪನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈಯಿಂದ ಬರೀ ಟೇಬಲ್ ಬಡಿಯತೊಡಗಿದರು. ಟಪ ಟಪ ಟಪ ಟಪ.

“ಇದು ಮೊದಲಿಂದು ನೋಡ್ರಿ ಮೇಡಂ. ಹಿಂಗ ಬಡೀತಿದ್ಳು ಈಕಿ. ಒಂದೇ ಓಟ.”

ಆಮೇಲೆ ಕೈ ನಿಧಾನ ಮಾಡಿದರು. ಟಪ ಟಪ... ಟಪ. ನಿಂತರು. ಉಸಿರು ತೆಗೆದುಕೊಂಡರು. ಮತ್ತೆ ಒಂದೇ ಕೈಯಲ್ಲಿ, ಟಪ್.

“ಇದು ಈಗಿಂದು. ಮೂರನೇ ರೊಟ್ಟಿಗಿ ನಿಂದರ್ತಾಳ. ವರ್ಷದ ಮ್ಯಾಲಾತು, ಗ್ವಾಡಿ ಆ ಕಡಿಂದ ನಾ ಕೇಳಾಕತ್ತೇನಿ.”

ಹೊರಗೆ ಪಾಳಿಗೆ ಕುಳಿತವರು ಸಪ್ಪಳ ಕೇಳಿ ಬಾಗಿಲಲ್ಲಿ ಇಣುಕಿದರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಡಾಕ್ಟರು ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟು, “ಇನ್ನೊಮ್ಮೆ ಬಡೀರಿ ಅಮ್ಮಾ” ಎಂದರು.

ಏನಿದು ಕಥೆ ಎನ್ನುತ್ತೀರಾ? ಹೇಳುತ್ತೇನೆ.

ಹೋದ ತಿಂಗಳು ಎರಡು ವಾರ ಈ ಅಂಕಣ ಬರಲಿಲ್ಲ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ ವಿಚಾರಿಸಿದಿರಿ. ಊರಿಗೆ ಹೋಗಿದ್ದೆ ಎಂದೆ. ಸುಳ್ಳು. ಮನೆಯಲ್ಲೇ ಇದ್ದೆ. ಬಲಗೈಯಲ್ಲಿ ಪೆನ್ನು ಹಿಡಿದು ನಾಲ್ಕು ಸಾಲು ಬರೆಯುವಷ್ಟರಲ್ಲಿ ಭುಜದೊಳಗೆ ಯಾರೋ ಸ್ಕ್ರೂ ತಿರುಗಿಸಿದಂತಾಗುತ್ತಿತ್ತು. ಹಾಗೆಂದು ನಿಮಗೆ ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಆದರೆ ನೀವು ಏನಾಗಿದೆ ಎಂದು ಕೇಳುತ್ತಿದ್ದಿರಿ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನನಗೀಗ ನಲವತ್ತೇಳು. ನೆಲೋಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ದಿನಾ ಜೇವರ್ಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಈ ನೋವು ಶುರುವಾಗಿ ಒಂದೂವರೆ ವರ್ಷವಾಯಿತು. ಒಮ್ಮೆ ಭುಜ, ಒಮ್ಮೆ ಬೆನ್ನಿನ ಮೇಲ್ಭಾಗ, ಒಮ್ಮೆ ಮೊಣಕೈ. ಒಂದು ಕಡೆ ನೆಟ್ಟಗೆ ನಿಲ್ಲುವ ಮನುಷ್ಯನಲ್ಲ ಅದು. ಒಂದು ದಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದೆ ಯಾರದೋ ಮೊಸರಿನ ಡಬ್ಬಿಯ ಮೇಲೆ ಬಿದ್ದೆ. ಆ ಹೆಣ್ಣುಮಗಳು ನನಗಿಂತ ಮೊದಲು ಡಬ್ಬಿಯನ್ನು ಎತ್ತಿದಳು. ಅದು ನ್ಯಾಯವೇ.

ಕಲಬುರಗಿಯಲ್ಲಿ ನಾಲ್ಕು ಜನ ಡಾಕ್ಟರನ್ನು ನೋಡಿದ್ದಾಯಿತು. ಎಕ್ಸ್‌ರೇ ನಾರ್ಮಲ್. ರಕ್ತ ನಾರ್ಮಲ್. ಆ ಸುರಂಗದೊಳಗೆ ಮಲಗಿಸಿ ಢಬಢಬ ಸದ್ದು ಮಾಡಿ ತೆಗೆದ ಎಂಆರ್‌ಐ ಕೂಡ ನಾರ್ಮಲ್. ಒಬ್ಬರು ವಯಸ್ಸು ಎಂದರು. ಒಬ್ಬರು ವಿಟಮಿನ್ ಎಂದರು. ಕೊನೆಯವರು ನನ್ನನ್ನು ನೋಡಲೇ ಇಲ್ಲ. ನನ್ನ ಗಂಡನ ಕಡೆ ತಿರುಗಿ, “ಮನ್ಯಾಗ ಏನರ ಜಗಳ ಅದ ಏನ್ರಿ?” ಎಂದರು.

“ಇರ್ಲಿಲ್ರಿ. ಇವತ್ತು ಆಗ್ತದ” ಎಂದರು ನನ್ನ ಯಜಮಾನರು.

ಯಜಮಾನರದು ತೊಗರಿ ವ್ಯಾಪಾರ. ಕಾಳು ಕೈಯಲ್ಲಿ ಹಿಡಿದು ನೋಡಿ ಮಾತಾಡುವವರು. ಕಣ್ಣಿಗೆ ಕಾಣದ್ದನ್ನು ನಂಬುವುದು ಅವರಿಗೆ ಕಷ್ಟ. ಆದರೂ ಪ್ರತಿ ಸಲವೂ ಆ ದೊಡ್ಡ ಫಿಲ್ಮಿನ ಚೀಲ ಹಿಡಿದುಕೊಂಡು ನನ್ನ ಜೊತೆ ಬಂದರು. ಬರುವಾಗ ಬಸ್ಸಿನಲ್ಲಿ, “ರಿಪೋರ್ಟ್ ಚಲೋ ಬಂದಾವಂದ್ರ ಖುಷಿ ಪಡಬೇಕೋ ಬ್ಯಾಡೋ?” ಎಂದು ಕೇಳಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಇನ್ನು ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲು ಬರುವ ಪದ್ಧತಿ ನಿಮಗೆ ಗೊತ್ತೇ ಇದೆ. ಬಿಸ್ಕಿಟ್ ಪೊಟ್ಟಣ, ಬಾಳೆಹಣ್ಣು ಹಿಡಿದು ಬರುತ್ತಾರೆ. ಬಂದವರಿಗೆ ಮಂಡಕ್ಕಿಯ ಸುಸಲಾ, ಚಹಾ ಯಾರು ಮಾಡಬೇಕು? ಕಾಯಿಲೆಯವಳೇ! ಹೊತ್ತಾದರೆ “ಎರಡು ರೊಟ್ಟಿ ತಿಂದು ಹೋಗ್ರಿ” ಎಂದು ಕೂರಿಸುವವಳೂ ಅವಳೇ. ಅವರು ತಿಂದು, ಕೈ ತೊಳೆದು, ನನ್ನ ಮುಖ ನೋಡಿ, “ಆರಾಮ ಕಾಣಾಕತ್ತೀಯಲ್ಲ ಬೇ” ಎಂದು ಹೋಗುತ್ತಿದ್ದರು. ಕೈ ಮುರಿದಿದ್ದರೆ ಪ್ಲಾಸ್ಟರ್ ತೋರಿಸಬಹುದಿತ್ತು. ನಾನು ಏನು ತೋರಿಸಲಿ?

ನನ್ನ ತವರು ಅಫಜಲಪುರ ತಾಲೂಕಿನ ಅತನೂರ. ಅಣ್ಣನ ಹೆಂಡತಿ ಅಲ್ಲಿಂದ ಒಂದು ಬಾಟಲಿ ಎಣ್ಣೆ ಕಳಿಸಿದಳು. ಅದರ ವಾಸನೆಗೆ ನಮ್ಮ ಬೆಕ್ಕು ಮೂರು ದಿನ ಮನೆಗೆ ಬರಲಿಲ್ಲ. ಆಮೇಲೆ ಅವಳೇ ಬಂದು ನನ್ನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋದಳು. ಸಂಗಮದಲ್ಲಿ ಸ್ನಾನ ಮಾಡಿ, ದತ್ತನ ಗುಡಿಯಲ್ಲಿ ಕೈಮುಗಿದು ನಿಂತೆವು. ಸುತ್ತಲೂ ಜನ ಕಾಯಿಲೆ ಹೋಗಲಿ ಎಂದು ಬೇಡುತ್ತಿದ್ದರು.

ನಾನು ಏನು ಬೇಡಿದೆ ಗೊತ್ತೇ? ಮುಂದಿನ ರಿಪೋರ್ಟಿನಲ್ಲಿ ಏನಾದರೂ ಸಿಗಲಿ ದೇವರೇ ಎಂದು. ಸಣ್ಣದೊಂದು ಬಿರುಕಾದರೂ ಸರಿ. ಯಾರಿಗಾದರೂ ಬೆರಳಿಟ್ಟು ತೋರಿಸುವಂಥದ್ದು ಸಾಕು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆದರೆ ನಾನು ಅಲ್ಲಿಯವರೆಗೆ ಬಂದು ಮುಟ್ಟಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಾನೇ ನನ್ನನ್ನು ಅನುಮಾನಿಸಲು ಶುರು ಮಾಡಿದ್ದೆ. ಇಷ್ಟು ಜನ ಓದಿದವರು ಏನೂ ಇಲ್ಲ ಎನ್ನುವಾಗ, ನಾನು ನಾಟಕ ಮಾಡುತ್ತಿದ್ದೇನಾ? ಕೆಲಸ ತಪ್ಪಿಸಿಕೊಳ್ಳಲು ಮೈ ನೆಪ ಹುಡುಕುತ್ತಿದೆಯಾ?

ಹೀಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಎಡೆಯಾಗಿ ಪೈರಿನ ಮೇಲೆ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವ ಹಬ್ಬ. ಅದಕ್ಕೆ ಮೂರು ನಾಲ್ಕು ದಿನ ಮೊದಲೇ ನಮ್ಮ ಓಣಿಯ ಹೆಂಗಸರು ಕಾಶಮ್ಮನ ಪಡಸಾಲೆಯಲ್ಲಿ ಸೇರುತ್ತಾರೆ. ಒಂದೊಂದು ದಿನ ಒಂದೊಂದು ಮನೆಯ ಪಾಳಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು ಬಡಿದು ಬುಟ್ಟಿಗಟ್ಟಲೆ ಒಟ್ಟುತ್ತಾರೆ. ಈ ಓಣಿಗೆ ಬಂದ ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿಸಿದವಳಲ್ಲ. ಈ ಸಲ, ಪೇಪರ್ ತಿದ್ದುವುದಿದೆ ಎಂದು ಹೇಳಿ ಕಳಿಸಿದೆ.

ಅರ್ಧ ತಾಸಿನಲ್ಲಿ ಕಾಶಮ್ಮ ಹಿಟ್ಟಿನ ಕೈಯಲ್ಲೇ ನಮ್ಮ ಬಾಗಿಲಿಗೆ ಬಂದರು. ಪೇಪರ್ ಎಲ್ಲಿವೆ ಎಂದು ಕೇಳಲಿಲ್ಲ.

“ಕೈ ಭಾಳ ನೋಯಾಕತ್ತದೇನು?” ಎಂದರು.

ನಾನು ಬೆಚ್ಚಿಬಿದ್ದೆ. ಕಲಬುರಗಿಗೆ ಓಡಾಡಿದ್ದು ಅವರಿಗೆ ಗೊತ್ತಿತ್ತು, ಅದು ಓಣಿಗೇ ಗೊತ್ತಿತ್ತು. ಆದರೆ ಈ ದನಿಯಲ್ಲಿ ಯಾರೂ ಕೇಳಿರಲಿಲ್ಲ. “ನಿಮಗ ಯಾರು ಹೇಳಿದ್ರಿ?”

“ನಿನ್ನ ರೊಟ್ಟಿ ಹೇಳ್ಯಾವ. ಸಪ್ಪಳ ಬದಲಾಗ್ಯಾದ. ಕಿವಿ ಅದಾವ ನನಗ.”

ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಇಷ್ಟು ವರ್ಷ ನಾನು ರೊಟ್ಟಿ ಬಡಿದದ್ದೆಲ್ಲ ಅವರ ಕಿವಿಗೆ ಬಿದ್ದಿದೆ. ನಾಲ್ಕು ಡಾಕ್ಟರಿಗೆ, ಅವರ ಮೆಷಿನ್ನುಗಳಿಗೆ ಸಿಗದ ನನ್ನ ನೋವು ಕಾಶಮ್ಮನಿಗೆ ಸಿಕ್ಕಿತ್ತು! ನಾನು ಹೊಸ್ತಿಲಲ್ಲೇ ಕುಳಿತು ಅತ್ತುಬಿಟ್ಟೆ. ಅವರು ಹಿಟ್ಟಿನ ಕೈ ನನ್ನ ತಲೆಯ ಮೇಲಿಟ್ಟರು. (ಅದನ್ನು ತೊಳೆದುಕೊಳ್ಳಲು ಎರಡು ಸಲ ಶಾಂಪೂ ಹಾಕಬೇಕಾಯಿತು.)

ಅವರೇ ಸುದ್ದಿ ತಂದರು. ಬಸ್ ಸ್ಟ್ಯಾಂಡಿನ ಹಿಂದೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದಿದ್ದಾರೆ, ಆಳಂದ ಕಡೆಯವರು, ಮಾತು ಪೂರಾ ಕೇಳುತ್ತಾರೆ ಎಂದು. ತೊಗರಿ ಸೀಜನ್, ಯಜಮಾನರಿಗೆ ಪುರುಸೊತ್ತಿಲ್ಲ. “ನಾ ಬರ್ತೇನಿ ನಡಿ” ಎಂದು ಕಾಶಮ್ಮ ಚಪ್ಪಲಿ ಮೆಟ್ಟಿದರು. ನಾನು ಮೆಲ್ಲಗೆ ಫಿಲ್ಮಿನ ಚೀಲ ತೆಗೆದುಕೊಂಡೆ. ಅಲ್ಲಿಗೆ ಹೋದ ಮೇಲೆ ನಡೆದ ಟೇಬಲ್ ಬಡಿತವನ್ನು ಆಗಲೇ ಹೇಳಿದ್ದೇನೆ.

ಎರಡನೇ ಸಲ ಬಡಿದು ಮುಗಿದ ಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ದಿನಾ ಎಷ್ಟು ರೊಟ್ಟಿ ಮಾಡ್ತೀರಿ?”

ನಾನು ಲೆಕ್ಕ ಹಾಕುವ ಮೊದಲೇ ಕಾಶಮ್ಮ ಹೇಳಿದರು, “ಮುಂಜಾನಿ ಹನ್ನೆರಡು, ಸಂಜೀಕ ಎಂಟು. ಮಂದಿ ಬಂದ್ರ ಹೇಳಾಕ ಆಗಂಗಿಲ್ಲ.”

“ಮತ್ತ ಹಿಂದಿನ ಡಾಕ್ಟರಿಗಿ ಇದನ್ನ ಹೇಳೀರೇನು?”

ಹೇಳಿರಲಿಲ್ಲ. ನಾಲ್ವರೂ ನನ್ನನ್ನು ಕೆಲಸ ಏನೆಂದು ಕೇಳಿದ್ದರು. ನಾಲ್ವರಿಗೂ ಟೀಚರ್ ಎಂದಿದ್ದೆ. ಬೋರ್ಡಿನ ಮೇಲೆ ಬರೆಯುವುದನ್ನು ನಿಲ್ಲಿಸಿ ಎಂದಿದ್ದರು, ನಿಲ್ಲಿಸಿದ್ದೆ. ಚಾಕ್‌ಪೀಸ್ ಕೆಳಗಿಟ್ಟು ಮನೆಗೆ ಬಂದು ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಕೆಲಸವೆಂದು ನನಗೇ ಅನ್ನಿಸಿರಲಿಲ್ಲ! ಹಕ್ಕು, ಕರ್ತವ್ಯ, ದುಡಿಮೆ ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನು. ನನ್ನಂಥ ಪೆದ್ದಿ ಈ ತಾಲೂಕಿನಲ್ಲಿ ಇನ್ನೊಬ್ಬಳಿದ್ದಾಳಾ? ಇದ್ದಾರೆ, ಮನೆಗೊಬ್ಬರು ಇದ್ದಾರೆ.

ಹಾಗಾದರೆ ರೊಟ್ಟಿಯೇ ಕಾರಣವಾ? ಇಷ್ಟು ಸುಲಭಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಕೈಯನ್ನು ಮೇಲೆ, ಹಿಂದೆ, ಪಕ್ಕಕ್ಕೆ ತಿರುಗಿಸಿ ನೋಡಿದರು. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಂಡರು. ಹಳೆಯ ರಿಪೋರ್ಟುಗಳನ್ನೆಲ್ಲ ಓದಿದರು. ಕೊನೆಗೆ ಹೇಳಿದರು.

“ರೊಟ್ಟಿಯಿಂದನೇ ಅಂತ ನಾ ಹೇಳಂಗಿಲ್ರಿ. ಇದಕ್ಕ ಹೆಸರು ಏನಂತ ಇನ್ನಾ ನನಗೂ ಗೊತ್ತಾಗವಲ್ದು. ಹುಡುಕೋಣ. ಆದ್ರ ನಿಮ್ಮ ಬ್ಯಾನಿ ಖರೆ ಅದ.”

ಬ್ಯಾನಿ ಖರೆ ಅದ. ಒಂದೂವರೆ ವರ್ಷ ನಾನು ಕಾದದ್ದು ಈ ಮೂರು ಶಬ್ದಗಳಿಗೆ. ನನಗೆ ಮತ್ತೆ ಕಣ್ಣು ತುಂಬಿತು. ಕಾಶಮ್ಮ ಬೈದರು, “ಖರೆ ಅಂದ್ರಲ್ಲ, ಈಗ್ಯಾಕ ಅಳ್ತಿ?”

ಈಗ ಹೇಗಿದ್ದೇನೆ? ಹೆಸರು ಇನ್ನೂ ಸಿಕ್ಕಿಲ್ಲ. ನೋವು ಹೋಗಿಲ್ಲ, ಆದರೆ ಅರ್ಧಕ್ಕೆ ಇಳಿದಿದೆ. ಈ ಅಂಕಣವನ್ನು ಎರಡೇ ಸಲ ನಿಲ್ಲಿಸಿ ಬರೆದಿದ್ದೇನೆ. ರೊಟ್ಟಿ ಈಗ ಓಣಿಯ ತುದಿಯ ರೊಟ್ಟಿ ಅಂಗಡಿಯಿಂದ ಬರುತ್ತದೆ. ರವಿವಾರ ಮಾತ್ರ ಯಜಮಾನರೇ ಬಡಿಯುತ್ತಾರೆ. ಡಾಕ್ಟರಮ್ಮ ಹೇಳಿದ್ದನ್ನು ಅವರಿಗೆ ಹೇಳಿದೆ. “ನನಗ ತಿಳೀಲಿಲ್ಲ ನೋಡು” ಎಂದರು. ಮರುದಿನ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತರು. ಅವರ ಮೊದಲ ರೊಟ್ಟಿಯ ಸಪ್ಪಳಕ್ಕೆ ಗೋಡೆಯ ಆಚೆಯಿಂದ ಕಾಶಮ್ಮ ಕೂಗಿದರು, “ಗ್ವಾಡಿಗಿ ಮೊಳಿ ಹೊಡ್ಯಾಕತ್ತೀರೇನು?” ಆ ರೊಟ್ಟಿಯನ್ನು ನಾನು ಪೂರಾ ತಿಂದೆ. ಅಷ್ಟು ರುಚಿಯಾದ ರೊಟ್ಟಿಯನ್ನು ಇತ್ತೀಚೆಗೆ ತಿಂದಿರಲಿಲ್ಲ, ನಿಜವಾಗಿಯೂ.

ಡಾಕ್ಟರಮ್ಮ ಒಂದು ಎಕ್ಸರ್‌ಸೈಜ್ ಹೇಳಿಕೊಟ್ಟಿದ್ದಾರೆ. ಗೋಡೆಗೆ ಮುಖ ಮಾಡಿ ನಿಂತು, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹತ್ತಿದಂತೆ ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ದಿನಾ ಮುಂಜಾನೆ ಅಡುಗೆಮನೆಯ ಅದೇ ಗೋಡೆಗೆ ಹತ್ತಿಸುತ್ತೇನೆ. ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಪೆನ್ಸಿಲ್ ಗೆರೆ. ಹದಿನೈದು ದಿನದಲ್ಲಿ ಗೆರೆ ಒಂದು ಗೇಣು ಮೇಲೇರಿದೆ.

ಹೋದ ಸೋಮವಾರ ಹಾಗೆ ನಿಂತಾಗ, ನನ್ನ ಕಿವಿ ಗೋಡೆಯ ಹತ್ತಿರವೇ ಇತ್ತು. ನಮ್ಮ ಕಡೆ ಸದ್ದಿಲ್ಲ. ಆಚೆ ಕಡೆ ಕಾಶಮ್ಮ ರೊಟ್ಟಿ ಬಡಿಯುತ್ತಿದ್ದರು. ಟಪ ಟಪ ಟಪ. ಒಂದು ರೊಟ್ಟಿ. ಎರಡು. ಮೂರು. ನಾಲ್ಕನೆಯದಕ್ಕೆ ನಿಂತಿತು. ನಾನು ಕಾದೆ. ಬಹಳ ಹೊತ್ತಿನ ಮೇಲೆ ಒಂದೇ ಕೈಯಲ್ಲಿ, ಟಪ್.

ನನ್ನ ಬೆರಳುಗಳು ಗೋಡೆಯ ಮೇಲೆ ಅಲ್ಲೇ ನಿಂತವು. ಹದಿನಾಲ್ಕು ವರ್ಷ ನನ್ನ ಸದ್ದೇ ದೊಡ್ಡದಾಗಿತ್ತು ನನಗೆ.

ಹೋಗಿ ಕೇಳಿದೆ. “ಕೈ ನೋಯಾಕತ್ತದೇನ್ರಿ?”

“ಏ ಬಿಡು ಬೇ. ನಂದು ಭಾಳ ವರ್ಷದ್ದು. ಯಾರ ಮುಂದ ಹೇಳಾಣ?”

ಈ ಗುರುವಾರ ಇಬ್ಬರೂ ಬಸ್ ಸ್ಟ್ಯಾಂಡಿನ ಹಿಂದಿನ ದವಾಖಾನೆಗೆ ಹೋಗುತ್ತಿದ್ದೇವೆ. ಟೇಬಲ್ ಬಡಿಯುವ ಸರದಿ ನನ್ನದು, ಎಡಗೈಯಲ್ಲಾದರೂ ಸರಿ.